ಹದಿನೇಳನೇ ನಡೆ

ಜನವರಿ 8, ಬುಧವಾರ

ನೋಟಿಸ್ ಬೋರ್ಡಿನ ಮುಂದೆ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಹೋದೆ. ಫಿಸಿಕ್ಸ್ ವೈವಾ: ಫೇಲ್. ಐವತ್ತಕ್ಕೆ ಒಂಬತ್ತು. ಪಾಸಾಗಲು ಇಪ್ಪತ್ತು ಬೇಕಿತ್ತು.

ಬರೆದ ಪೇಪರುಗಳೆಲ್ಲ ಪಾಸು. ಬರೆಯುವುದರಲ್ಲಿ ನನಗೆ ಯಾವತ್ತೂ ತೊಂದರೆಯಿಲ್ಲ. ಬಾಯಿ ಬಿಡುವುದೇ ಪ್ರಾಬ್ಲಂ. ಆವತ್ತು ಹೊರಗಿನ ಕಾಲೇಜಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಸರ್ "ಲೋಲಕ ಅಂದ್ರೇನು?" ಅಂದರು. ಪುಸ್ತಕದ ಮೂರೂ ಸಾಲನ್ನು ಅಲ್ಪವಿರಾಮದ ಸಮೇತ ಒಪ್ಪಿಸಿದೆ. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಪುಸ್ತಕ ನನ್ನ ಹತ್ರಾನೂ ಇದೆಯಮ್ಮ. ನಿನ್ನ ಮಾತಲ್ಲಿ ಹೇಳು" ಅಂದರು.

ನನ್ನ ಮಾತು! ಒಳಗೆಲ್ಲ ಹುಡುಕಿದೆ. ಇರಲಿಲ್ಲ. ಟೋಟಲ್ ಬ್ಲಾಂಕ್. ಗೋಡೆಯ ಫ್ಯಾನಿನ ಸದ್ದು ಮಾತ್ರ. ಆಮೇಲೆ ಕೇಳಿದ ನಾಲ್ಕು ಪ್ರಶ್ನೆಗೂ ನಾನು ಫ್ಯಾನನ್ನೇ ನೋಡುತ್ತ ನಿಂತಿದ್ದೆನಂತೆ. ಹೀಗಂತ ಹೇಳಿದ್ದು ಮುಂದಿನ ಸರದಿಗೆ ಬಾಗಿಲಲ್ಲಿ ಕಾಯುತ್ತಿದ್ದ ರೂಮ್‌ಮೇಟ್ ಅಲಾರಂ. ಅವಳ ಅಲಾರಂ ಬೆಳಿಗ್ಗೆ ಐದು ಸಲ ಹೊಡೆಯುತ್ತದೆ, ಅವಳೊಬ್ಬಳನ್ನು ಬಿಟ್ಟು ಇಡೀ ಫ್ಲೋರ್ ಏಳುತ್ತದೆ. ಅದಕ್ಕೆ ಆ ಹೆಸರು.

ಮರುಪರೀಕ್ಷೆ ಫೆಬ್ರವರಿ 20ಕ್ಕೆ. ಅದರಲ್ಲೂ ಹೋದರೆ ವರ್ಷವೇ ಹೋಯಿತು. ಮುಂದಿನ ಸೆಮಿಸ್ಟರ್ ಇಲ್ಲ, ಹಾಸ್ಟೆಲ್ ಸೀಟೂ ಇಲ್ಲ, ಪೆಟ್ಟಿಗೆ ಕಟ್ಟಿಕೊಂಡು ಮನೆಗೆ.

ಸಂಜೆ ಅಮ್ಮನ ಫೋನು, ನರ್ಸ್ ಡ್ಯೂಟಿಯ ನಡುವೆ ವಾರ್ಡಿನಿಂದಲೇ. ಹಿಂದೆ ಯಾರೋ "ಸಿಸ್ಟರ್, ಸಿಸ್ಟರ್" ಅನ್ನುತ್ತಿದ್ದರು. "ರಿಸಲ್ಟ್ ಬಂತಾ ಪುಟ್ಟಿ?" "ಇನ್ನೂ ಇಲ್ಲಮ್ಮ." "ಹುಷಾರಾಗಿದ್ದೀಯ ತಾನೇ?" "ಫೈನ್."

ಇವತ್ತು ಮಾತಾಡಿದ್ದು: ಆರು ವಾಕ್ಯ. ಅದರಲ್ಲಿ ಎರಡು ಸುಳ್ಳು.

ಜನವರಿ 11, ಶನಿವಾರ

ಫಸ್ಟ್ ಇಯರಿನವರು ಮೂವತ್ತು ಗಂಟೆ ಸಮಾಜಸೇವೆ ಮಾಡಬೇಕು. ನಾನು ಜಾಣತನದಿಂದ ಸಾರ್ವಜನಿಕ ಲೈಬ್ರರಿ ಆರಿಸಿಕೊಂಡಿದ್ದೆ. ಲೈಬ್ರರಿಯಲ್ಲಿ ಮಾತಾಡಬಾರದು ಅಂತ ಬೋರ್ಡೇ ಹಾಕಿರುತ್ತಾರಲ್ಲ, ಪುಸ್ತಕ ಜೋಡಿಸಿಕೊಂಡು ಆರಾಮಾಗಿ ಇರಬಹುದು ಅಂತ.

ಲೈಬ್ರೇರಿಯನ್ ಮೇಡಂ ನನ್ನ ಪತ್ರ ಓದಿ, ಕನ್ನಡಕದ ಸರಪಳಿ ಸರಿ ಮಾಡಿಕೊಂಡು, "ಪುಸ್ತಕ ಜೋಡಿಸೋಕೆ ಜನ ಇದ್ದಾರೆ. ನೀನು ಹಿಂದಿನ ಕೋಣೆಗೆ ಹೋಗು" ಅಂದರು.

ಹಿಂದಿನ ಕೋಣೆ! ಬಾಗಿಲು ತೆಗೆದರೆ ಸಂತೆ. ಒಂದು ಉದ್ದ ಮೇಜು, ಹತ್ತೋ ಹನ್ನೊಂದೋ ಮಕ್ಕಳು, ಚೆಸ್ ಬೋರ್ಡುಗಳು, ಮೂಲೆ ಹರಿದ ಆಟದ ಡಬ್ಬಿಗಳು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. "ಪ್ರತಿ ಶನಿವಾರ ಎರಡರಿಂದ ಐದು. ಇವರಿಗೆ ಆಟ ಕಲಿಸಬೇಕು. ಆಟ ಅಂದ್ರೆ ಯೋಚನೆ ಮಾಡೋದು" ಎಂದು ಹೇಳಿ ಮೇಡಂ ಹೋಗಿಯೇಬಿಟ್ಟರು. ನನಗೆ ಚೆಸ್ಸಿನ ಕುದುರೆ ಹೇಗೆ ನಡೆಯುತ್ತದೆ ಅನ್ನುವುದೂ ಅರ್ಧಂಬರ್ಧ.

ಮೂರು ಗಂಟೆ ಕಿಟಕಿಯ ಪಕ್ಕ ನಿಂತಿದ್ದೆ. ಒಬ್ಬ ಹುಡುಗ ಬಂದು, "ಅಕ್ಕ, ನೀವು ಇನ್ಸ್‌ಪೆಕ್ಷನ್ನಿಗೆ ಬಂದಿದ್ದೀರಾ?" ಅಂತ ಕೇಳಿದ.

ಮಾತಾಡಿದ್ದು: ಮೂರು ವಾಕ್ಯ. ತಲೆ ಅಲ್ಲಾಡಿಸಿದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಜನವರಿ 18, ಶನಿವಾರ

ಮೇಡಂ ಇವತ್ತು ಪಕ್ಕದಲ್ಲೇ ಕೂತರು. ಅವರದೇ ಕೈಯ ಆಟವೊಂದಿದೆ, ಈ ಮೇಜಿನ ರಾಜ ಅದೇ. ದಪ್ಪ ರಟ್ಟಿನ ಮೇಲೆ ಜೇನುಗೂಡಿನ ಹಾಗೆ ಮನೆಗಳು. ಕಾಯಿಯ ಬದಲು ಹಳೇ ಕೋಟಿನ ಬಟನ್‌ಗಳು, ಒಬ್ಬರಿಗೆ ಕಪ್ಪು, ಒಬ್ಬರಿಗೆ ಬಿಳಿ. ಕಪ್ಪು ಎಡ ಅಂಚಿನಿಂದ ಬಲ ಅಂಚಿಗೆ ಸಾಲು ಕಟ್ಟಬೇಕು, ಬಿಳಿ ಮೇಲಿನಿಂದ ಕೆಳಕ್ಕೆ. ಸರದಿಗೊಂದು ಬಟನ್. ಇಟ್ಟಿದ್ದನ್ನು ತೆಗೆಯುವಂತಿಲ್ಲ. ಒಬ್ಬರ ಸಾಲು ಆಚೆ ಅಂಚು ಮುಟ್ಟಿದರೆ ಇನ್ನೊಬ್ಬರದು ತಾನಾಗಿ ಕಡಿದುಹೋಗುತ್ತದೆ. ದಾಳ ಇಲ್ಲ, ಅದೃಷ್ಟ ಇಲ್ಲ. ಹೆಸರೂ ಇಲ್ಲ. ಎಲ್ಲರೂ ಬಟನ್ ಆಟ ಅನ್ನುತ್ತಾರೆ.

ಆಟಕ್ಕಿಂತ ವಿಚಿತ್ರ ಅವರ ಪದ್ಧತಿ. ಬಟನ್ ಮುಟ್ಟುವ ಮೊದಲು ಅದನ್ನು ಎಲ್ಲಿ ಇಡುತ್ತೇನೆ, ಯಾಕೆ ಇಡುತ್ತೇನೆ ಅಂತ ಗಟ್ಟಿಯಾಗಿ ಹೇಳಬೇಕು. ಎದುರಿನವರು "ಹಾಗಾಗದಿದ್ರೆ?" ಅಂತ ಒಂದು ಸಲ ಕೇಳಬಹುದು. ಉತ್ತರ ಇರಬೇಕು. ಕೊನೆಗೆ ಸೋತವರು ಆಟ ಎಲ್ಲಿ ತಿರುಗಿತು ಅಂತ ಬೆರಳಿಟ್ಟು ತೋರಿಸಬೇಕು.

ಒಬ್ಬನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಹದಿಮೂರು ವರ್ಷದವನು, ಎಲ್ಲದಕ್ಕೂ ವಾದ, ಹೆಸರೇ ಲಾಯರ್. "ಮೇಡಂ, ಯುದ್ಧದಲ್ಲಿ ಯಾರಾದ್ರೂ ಪ್ಲಾನನ್ನ ಮೈಕಲ್ಲಿ ಅನೌನ್ಸ್ ಮಾಡ್ತಾರಾ?"

"ಗೊತ್ತಾದ ಮೇಲೂ ತಡೆಯೋಕೆ ಆಗದಂಥ ಪ್ಲಾನ್ ಮಾಡಪ್ಪ. ಕೇಳಿಸಿಕೊಂಡ ತಕ್ಷಣ ಬಿದ್ದುಹೋಗೋದನ್ನ ಪ್ಲಾನ್ ಅನ್ನಲ್ಲ, ಆಸೆ ಅಂತಾರೆ" ಅಂದರು ಮೇಡಂ.

ಅವನ ಎದುರಿಗೆ ಬುಲೆಟ್. ಹನ್ನೊಂದು ವರ್ಷ, ಕುರ್ಚಿಯಲ್ಲಿ ಕೂರುವುದೇ ಇಲ್ಲ. ಅವನ ಕಾರಣ ಯಾವಾಗಲೂ ಒಂದೇ: "ಸುಮ್ನೆ." ಮೇಡಂ "ಸುಮ್ನೆ ಅನ್ನೋದು ಕಾರಣ ಅಲ್ಲ" ಅಂದರೆ, "ಸರಿ, ಹಾಗಾದ್ರೆ... ಚೆನ್ನಾಗಿ ಕಾಣ್ಸುತ್ತೆ" ಅಂತಾನೆ.

ಮೇಜಿನ ತುದಿಯಲ್ಲಿ ಒಬ್ಬಳಿದ್ದಾಳೆ, ಹನ್ನೆರಡು ಇರಬಹುದು. ಕಿವಿಯ ಹಿಂದೆ ಹೆಬ್ಬೆರಳುದ್ದದ ಪೆನ್ಸಿಲು. ಎಲ್ಲರ ಎಲ್ಲ ಆಟವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ: ಎಷ್ಟನೇ ನಡೆ, ಯಾವ ಮನೆ, ಏನು ಕಾರಣ. ಅವಳನ್ನು ಎಲ್ಲರೂ ಪೆನ್ಸಿಲ್ ಅನ್ನುತ್ತಾರೆ. ಈ ಮೇಜಿನಲ್ಲಿ ಇವತ್ತಿನವರೆಗೆ ಒಂದು ಆಟವನ್ನೂ ಗೆದ್ದಿಲ್ಲವಂತೆ.

ನನ್ನನ್ನೂ ಆಡಿಸಿದರು. ಮೊದಲ ಬಟನ್ ಹಿಡಿದುಕೊಂಡು ಎರಡು ನಿಮಿಷ ಕೂತೆ. ಮಕ್ಕಳೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. "ನಡುವೆ ಇಡ್ತೀನಿ. ಯಾಕಂದ್ರೆ... ನಡುವೆ." ಬುಲೆಟ್ ಕುಣಿದ: "ನನಗಿಂತ ಕಳಪೆ!"

ಸೋತೆ. ಎಲ್ಲಿ ತಿರುಗಿತು ಅಂದರು. ಗೊತ್ತಾಗಲಿಲ್ಲ. ಪೆನ್ಸಿಲ್ ಮೆಲ್ಲಗೆ, "ಮೊದಲ್ನೇದ್ರಲ್ಲೇ ಅಕ್ಕ" ಅಂದಳು.

ವಾಕ್ಯ: ಹದಿನಾಲ್ಕು. ಅರ್ಧದಲ್ಲೇ ನಿಂತವು ಬಹಳ.

ಜನವರಿ 21, ಮಂಗಳವಾರ

ವೈವಾಗೆ ಇನ್ನೂರು ಪ್ರಶ್ನೆ, ಇನ್ನೂರು ಉತ್ತರ ಬರೆದುಕೊಂಡಿದ್ದೇನೆ. ದಿನಕ್ಕೆ ಹತ್ತು ಬಾಯಿಪಾಠ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳು ನಾನು. ಅಮ್ಮನಿಗೆ ಶಿಫ್ಟು, ಅಪ್ಪ ಲಾರಿಯಲ್ಲಿ ವಾರಗಟ್ಟಲೆ ಹೊರಗೆ, ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಗಂಟೆ ಹೊಡೆದರೆ ಏಳು, ಗಂಟೆ ಹೊಡೆದರೆ ಓದು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಬಾಯಿಪಾಠ ನನಗೆ ಉಸಿರಾಟದ ಹಾಗೆ.

ಮಾತಾಡಿದ್ದು: ಎರಡು. "ಎಕ್ಸ್‌ಕ್ಯೂಸ್ ಮಿ" ಸೇರಿದರೆ ಮೂರು.

ಜನವರಿ 25, ಶನಿವಾರ

ವಾರವೆಲ್ಲ ಕೂತು ಬಟನ್ ಆಟಕ್ಕೆ ಒಂದು ಸೂಪರ್ ಆರಂಭ ಕಂಡುಹಿಡಿದೆ. ಏಳು ನಡೆ. ಹೀಗೆ ಹೀಗೆ ಇಟ್ಟುಕೊಂಡು ಹೋದರೆ ಸಾಲು ಗ್ಯಾರಂಟಿ. ಬುಲೆಟ್‌ಗೆ ಬಾಯಿಪಾಠ ಮಾಡಿಸಿದೆ. ಎರಡು ಆಟ ಗೆದ್ದ, ಕುರ್ಚಿ ಹತ್ತಿ ಕೈಬೀಸಿದ. ನನಗೂ ಖುಷಿ, ಟೀಚರ್ ಆಗಿಬಿಟ್ಟೆ ಅಂತ.

ಮೂರನೇ ಆಟದಲ್ಲಿ ಲಾಯರ್ ಎರಡನೇ ಬಟನ್ನನ್ನೇ ಬೇರೆ ಕಡೆ ಇಟ್ಟ. ಬುಲೆಟ್ ನನ್ನ ಕಡೆ ತಿರುಗಿದ. "ಅಕ್ಕ, ಇವನು ತಪ್ಪಾಗಿ ಆಡ್ತಿದ್ದಾನೆ! ಇಲ್ಲಿ ಇಡಬಾರದಲ್ವಾ?"

"ಇಡಬಹುದು ಕಣೋ."

"ಹಾಗಾದ್ರೆ ಮೂರನೇದು ಎಲ್ಲಿ?"

ನನಗೂ ಗೊತ್ತಿರಲಿಲ್ಲ. ಅವನ ಮುಖ ನೋಡಿದರೆ ಎಲ್ಲೋ ನೋಡಿದ ಮುಖ ಅನ್ನಿಸಿತು. ಫ್ಯಾನ್ ಹುಡುಕುತ್ತಿದ್ದ ಪಾಪ.

ಕೊನೆಗೆ ಬೋರ್ಡು ನಡುವೆ ಇಟ್ಟುಕೊಂಡು ಇಬ್ಬರೂ ಹುಡುಕಿದೆವು. ಒಂದು ವಿಷಯ ಸಿಕ್ಕಿತು, ಇದನ್ನು ಬರೆದಿಟ್ಟುಕೊಳ್ಳಬೇಕು: ಎರಡು ಬಟನ್ ಒಂದಕ್ಕೊಂದು ತಾಗಿರಲೇಬೇಕೆಂದಿಲ್ಲ. ನಡುವೆ ಎರಡು ಖಾಲಿ ಮನೆ ಬಿಟ್ಟು ಓರೆಯಾಗಿ ಇಟ್ಟರೆ, ಅವನು ಒಂದನ್ನು ಮುಚ್ಚಿದರೆ ನಾವು ಇನ್ನೊಂದರಲ್ಲಿ ಸೇರಿಸಬಹುದು. ಎರಡು ದಾರಿ ಇದ್ದರೆ ಆ ಜಾಗಕ್ಕೆ ಮತ್ತೆ ಬಟನ್ ಖರ್ಚು ಮಾಡಬೇಕಿಲ್ಲ. ಬುಲೆಟ್ ಮೊದಲ ಸಲ "ಸುಮ್ನೆ" ಬಿಟ್ಟು ಬೇರೆ ಕಾರಣ ಹೇಳಿದ: "ಇದನ್ನ ಮುಚ್ಚಿದ್ರೆ ಅದು ಇದೆ."

ಆಮೇಲೆ ಮೇಡಂ ಜೊತೆ, ಲಾಯರ್ ಜೊತೆ, ಮತ್ತೆ ಬುಲೆಟ್ ಜೊತೆ. ವಾಕ್ಯಗಳ ಲೆಕ್ಕ ತಪ್ಪಿತು.

ಫೆಬ್ರವರಿ 1, ಶನಿವಾರ

ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ.

ನಾನೂ ಪೆನ್ಸಿಲ್ಲೂ ಆಡುತ್ತಿದ್ದೆವು. ನಾನು ಕಪ್ಪು. ನಾಲ್ಕೂಮುಕ್ಕಾಲಕ್ಕೆ ಅವಳಪ್ಪ ಬಂದು ಬಾಗಿಲಲ್ಲಿ ನಿಂತರು. ಲಿಫ್ಟ್ ರಿಪೇರಿ ಮಾಡುವವರು, ನೀಲಿ ಯೂನಿಫಾರ್ಮಿನ ತೋಳಿಗೆ ಗ್ರೀಸ್. ಮೇಡಂ ಹತ್ತಿರ ಹೇಳುತ್ತಿದ್ದುದು ನನಗೂ ಕೇಳಿಸಿತು: "ಬರೀ ಆಟ ಆದ್ರೆ ಬೇಡ ಮೇಡಂ. ಶನಿವಾರ ಟ್ಯೂಷನ್ನಿಗೆ ಹಾಕ್ಬಿಡ್ತೀನಿ. ನಾಲ್ಕು ತಿಂಗಳಾಯ್ತು, ಒಂದು ಸಲಾನೂ ಗೆದ್ದೆ ಅಂತ ಬಂದಿಲ್ಲ." ಪೆನ್ಸಿಲ್ ತಲೆ ಎತ್ತಲಿಲ್ಲ. ಬರೆಯುತ್ತಿದ್ದ ಪೆನ್ಸಿಲು ಮಾತ್ರ ನಿಂತಿತು.

ಹದಿನೇಳನೇ ನಡೆ ನನ್ನದು. ನಡುಮಧ್ಯ ಒಂದು ಮನೆ ಖಾಲಿ ಇತ್ತು. ಅಲ್ಲಿಟ್ಟರೆ ಅವಳ ದಾರಿ ಬಂದ್. ನಾನು ಎಡ ಮೂಲೆಗೆ ಹೋದೆ. "ಈ ಕಡೆ ಗಟ್ಟಿ ಮಾಡ್ಕೊಳ್ತೀನಿ, ಆಮೇಲೆ ತೊಂದರೆ ಆಗಬಾರದು" ಅಂದೆ. ಎಷ್ಟು ಸಲೀಸಾಗಿ ಬಂತು ಆ ವಾಕ್ಯ! ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. "ಹಾಗಾಗದಿದ್ರೆ?" ಕೇಳಲಿಲ್ಲ. ಐದು ನಡೆಯಲ್ಲಿ ಗೆದ್ದಳು.

ಅಪ್ಪನ ಮುಖ ಅರಳಿತು. "ಕಾಲೇಜಿನವರನ್ನೇ ಸೋಲಿಸಿದ್ಯಾ!" ಅಂತ ಬೆನ್ನು ತಟ್ಟಿದರು. ಬುಲೆಟ್ ಮೇಜು ಬಡಿದ. ಪೆನ್ಸಿಲ್ ಮಾತ್ರ ನಗಲಿಲ್ಲ, ನಾಚಿಕೆ ಇರಬೇಕು. ಮೇಡಂ ಯಾವಾಗಲೋ ಎದ್ದು ಹೋಗಿದ್ದರು.

ಅಲಾರಂಗೆ ಹೇಳಿದೆ. "ನೀನು ದೇವತೆ ಕಣೇ, ನಾಳೆ ನನ್ನ ಬಟ್ಟೇನೂ ಒಗೆದುಬಿಡು" ಅಂದಳು.

ಫೆಬ್ರವರಿ 8, ಶನಿವಾರ

ಬರೆಯಲು ಮನಸ್ಸಿಲ್ಲ. ಆದರೂ.

ಪೆನ್ಸಿಲ್ ಬಂದವಳೇ ನೋಟ್‌ಬುಕ್ ತೆರೆದು ನನ್ನ ಮುಂದಿಟ್ಟಳು. "ಅಕ್ಕ, ಹದಿನೇಳನೇ ನಡೆ. ಗಟ್ಟಿ ಮಾಡ್ಕೊಳ್ತೀನಿ ಅಂದ್ರಿ. ಅಲ್ಲಿ ಆಗ್ಲೇ ಎರಡು ದಾರಿ ಇತ್ತು. ಗಟ್ಟಿ ಮಾಡೋಕೆ ಏನಿತ್ತು?"

"ಗಮನಿಸಲಿಲ್ಲ ಕಣೆ."

"ಎರಡು ದಾರಿ ಅಂತ ಬುಲೆಟ್‌ಗೆ ಹೇಳಿಕೊಟ್ಟೋರೇ ನೀವು."

ಎಲ್ಲರೂ ಆಟ ಬಿಟ್ಟು ನನ್ನ ಕಡೆ ತಿರುಗಿದರು. ಲಾಯರ್ ಕೂಡ. ನಾನು ಹಲ್ಲು ಕಿರಿದು, "ಹೋಗ್ಲಿ ಬಿಡು, ಗೆದ್ದೆ ತಾನೇ?" ಅಂದುಬಿಟ್ಟೆ. ಈ ಜನ್ಮದಲ್ಲಿ ಇಷ್ಟು ದಡ್ಡ ವಾಕ್ಯ ನಾನು ಆಡಿರಲಿಲ್ಲ.

ಅವಳು ಅಳಲಿಲ್ಲ. ಆ ಪುಟದ ಕೊನೆಯಲ್ಲಿ "ಗೆಲುವು: ನಾನು" ಅಂತ ಬರೆದುಕೊಂಡಿದ್ದಳು. ಅದರ ಮೇಲೆ ಸ್ಕೇಲ್ ಇಟ್ಟು ನೇರವಾದ ಗೆರೆ ಎಳೆದಳು. "ಇಲ್ಲಿ ಕಾರಣ ಸುಳ್ಳು ಹೇಳಬಾರದು ಅಕ್ಕ. ಅದೊಂದೇ ಇರೋದು ಇಲ್ಲಿ." ಹೋದಳು. ನೋಟ್‌ಬುಕ್ ಅಲ್ಲೇ ಇತ್ತು.

ಬುಲೆಟ್ ಹೇಳಿದ, ಅವಳು ಅಪ್ಪನ ಹತ್ತಿರ ಆವತ್ತೇ "ನಾನು ಗೆದ್ದಿಲ್ಲ" ಅಂದಳಂತೆ. ಮುಂದಿನ ಶನಿವಾರದಿಂದ ಟ್ಯೂಷನ್ನು.

ಮೇಡಂ ಮುಂದೆ ಒಪ್ಪಿಕೊಂಡೆ. "ಗೊತ್ತು. ನೋಡಿಯೇ ಎದ್ದು ಹೋದೆ" ಅಂದರು.

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ ಮೇಡಂ?"

"ನಿನ್ನ ಆಟ ನಾನು ಆಡ್ಲಾ?"

ಫೆಬ್ರವರಿ 9, ಭಾನುವಾರ

ಅಲಾರಂ ಸಿನಿಮಾಕ್ಕೆ ಹೋಗಿದ್ದಾಳೆ. ಕಾಗದದ ಮೇಲೆ ಜೇನುಗೂಡು ಬರೆದು, ಅವಳ ಹೊಲಿಗೆ ಪೆಟ್ಟಿಗೆಯ ಬಿಳಿ ಬಟನ್, ಕಪ್ಪು ಚಾರ್ಟ್ ಶೀಟಿನಿಂದ ಕತ್ತರಿಸಿದ ಚೂರು ಇಟ್ಟುಕೊಂಡು, ಪೆನ್ಸಿಲ್ ಬಿಟ್ಟುಹೋದ ನೋಟ್‌ಬುಕ್ ನೋಡುತ್ತ ಆ ಆಟವನ್ನು ಮತ್ತೆ ಆಡಿದೆ. ಹದಿನಾರರವರೆಗೆ ಹಾಗೇ. ಹದಿನೇಳಕ್ಕೆ ನಡುಮನೆಯಲ್ಲಿಟ್ಟೆ. ಇಲ್ಲಿ ಪೆನ್ಸಿಲ್ ಸೋಲಬೇಕಿತ್ತು.

ಸೋಲಲಿಲ್ಲ!

ಅಂಚಿನಲ್ಲಿ ತೀರಾ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಆಡುವಾಗಲೇ ಬರೆದಿದ್ದು: "ಅಕ್ಕ ನಡುವೆ ಇಟ್ಟರೆ ನಾನು ಅದರ ಬಲ ಕೆಳಗೆ. ಆಗ ನನಗೆ ಎರಡು ದಾರಿ." ಇಟ್ಟು ನೋಡಿದೆ. ನಾಲ್ಕು ರೀತಿ ಆಡಿದೆ. ನಾಲ್ಕರಲ್ಲೂ ಬಿಳಿಯೇ ಕೆಳಗೆ ಮುಟ್ಟಿತು.

ಅಂದರೆ ನಾನು ಬಿಟ್ಟುಕೊಡದಿದ್ದರೂ ಅವಳೇ ಗೆಲ್ಲುತ್ತಿದ್ದಳು. ಮೂರು ನಡೆ ಮುಂದೆ ಅವಳಿಗೆ ಕಂಡಿದ್ದು ನನಗೆ ಕಂಡೇ ಇರಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಅವಳು ಕಷ್ಟಪಟ್ಟು ಕಟ್ಟಿದ್ದನ್ನು ನಾನು ದಾನ ಮಾಡಿದವಳ ಹಾಗೆ ಪೋಸು ಕೊಟ್ಟು ಕಿತ್ತುಕೊಂಡೆ.

ಇನ್ನೂರು ಪ್ರಶ್ನೆಯ ಪಟ್ಟಿ ಇವತ್ತು ತೆಗೆಯಲಿಲ್ಲ.

ಫೆಬ್ರವರಿ 12, ಬುಧವಾರ

ಮೇಡಂ ಹತ್ತಿರ ಪೆನ್ಸಿಲ್ ಮನೆಯ ವಿಳಾಸ ಇಸಿದುಕೊಂಡು ಹೋದೆ. ಬೋರ್ಡು ಕಂಕುಳಲ್ಲಿ, ಬಟನ್ ಡಬ್ಬಿಯೂ ಅವಳ ನೋಟ್‌ಬುಕ್ಕೂ ಬ್ಯಾಗಲ್ಲಿ. ನಾಲ್ಕನೇ ಮಹಡಿ. ಅಪ್ಪ ಲಿಫ್ಟ್ ರಿಪೇರಿಯವರು, ಅವರದೇ ಕಟ್ಟಡಕ್ಕೆ ಲಿಫ್ಟಿಲ್ಲ!

ಬಾಗಿಲು ತೆಗೆದವರು ಅವರೇ, ಕೈಯಲ್ಲಿ ಟೀ ಲೋಟ. ಒಳಗೆ ಪೆನ್ಸಿಲ್ ನನ್ನನ್ನು ಕಂಡು ಪುಸ್ತಕದಲ್ಲಿ ಮುಖ ಹುದುಗಿಸಿದಳು. ಕೂರುವ ಮೊದಲೇ ಹೇಳಿದೆ. "ಆವತ್ತು ನಾನು ಬೇಕಂತ ತಪ್ಪು ಆಡಿದೆ. ಅವಳನ್ನ ಲೈಬ್ರರಿಯಿಂದ ಬಿಡಿಸ್ತೀರೇನೋ ಅಂತ ಭಯ ಆಯ್ತು. ಆದ್ರೆ ನಾನು ಸರಿಯಾಗಿ ಆಡಿದ್ರೂ ಅವಳೇ ಗೆಲ್ತಿದ್ಲು. ತೋರಿಸ್ಲಾ?"

ಊಟದ ಮೇಜಿನ ಮೇಲೆ ಬೋರ್ಡು ಬಿಚ್ಚಿದೆ. ಹದಿನಾರು ನಡೆ ಜೋಡಿಸಿದೆ, ಒಂದೊಂದಕ್ಕೂ ಕಾರಣ ಹೇಳಿದೆ. ಹದಿನೇಳಕ್ಕೆ ನಡುಮನೆಯಲ್ಲಿ ಇಟ್ಟು ನಿಲ್ಲಿಸಿದೆ. ಅವರು ಟೀ ಮರೆತು ಬಗ್ಗಿ ನೋಡುತ್ತಿದ್ದರು. "ಇಲ್ಲಿಗೆ ಅವಳ ದಾರಿ ಬಂದ್ ಆಯ್ತಲ್ಲ?"

"ಆಗಿಲ್ಲ." ಇದು ಪೆನ್ಸಿಲ್, ಒಳಗಿನಿಂದ. ಎದ್ದು ಬಂದು ಬಲ ಕೆಳಗೆ ಒಂದು ಬಿಳಿ ಬಟನ್ ಇಟ್ಟಳು. ನನ್ನ ಕಡೆ ನೋಡದೆ ಅಪ್ಪನಿಗೆ ಹೇಳಿದಳು: "ಇದನ್ನ ಮುಚ್ಚಿದ್ರೆ ಅದು. ಅದನ್ನ ಮುಚ್ಚಿದ್ರೆ ಇದು."

"ಎರಡೂ ಮುಚ್ಚಿದ್ರೆ?"

"ಒಂದು ಸಲಕ್ಕೆ ಒಂದೇ ಅಪ್ಪ."

ಅವರು ಎರಡು ದಾರಿಯನ್ನೂ ಒಂದೊಂದಾಗಿ ಬೆರಳಿಂದ ಮುಚ್ಚಿ ನೋಡಿದರು. ಆಮೇಲೆ, "ನಮ್ಮಲ್ಲಿ ಹೊಸದಾಗಿ ಸೇರಿದೋರು ಲಿಫ್ಟ್ ನಿಂತ ತಕ್ಷಣ ಸ್ಕ್ರೂ ಡ್ರೈವರ್ ತಗೊಂಡು ಪ್ಯಾನೆಲ್ ಬಿಚ್ಚೋಕೆ ಓಡ್ತಾರೆ. ನಾನು ಕೈ ಹಿಡೀತೀನಿ. ಯಾಕೆ ನಿಂತಿದೆ ಅಂತ ಮೊದಲು ಬಾಯಲ್ಲಿ ಹೇಳು, ಆಮೇಲೆ ಬಿಚ್ಚು. ಇಪ್ಪತ್ತು ವರ್ಷದಿಂದ ಇದನ್ನೇ ಬಡ್ಕೊಳ್ತಿದ್ದೀನಿ." ಮಗಳನ್ನು ನೋಡಿದರು. "ನೀನು ಅಲ್ಲಿ ಇದನ್ನ ಮಾಡ್ತಿದ್ದೀಯ ಅಂತ ಒಂದು ಮಾತು ಹೇಳಬಾರದಾ?"

"ನೀವು ಗೆದ್ಯಾ ಅಂತ ಮಾತ್ರ ಕೇಳ್ತಿದ್ರಿ."

ಟ್ಯೂಷನ್ ಭಾನುವಾರಕ್ಕೆ ಹೋಯಿತು. ಬಾಗಿಲ ತನಕ ಬಂದು ಪೆನ್ಸಿಲ್ ಮೊದಲ ಸಲ ನನ್ನ ಮುಖ ನೋಡಿದಳು. "ಇನ್ನೊಂದ್ಸಲ ಬಿಟ್ಟುಕೊಟ್ರೆ ಮಾತಾಡಲ್ಲ ಅಕ್ಕ. ನಿಜವಾಗ್ಲೂ."

ಬರುವಾಗ ಸ್ವೆಟರ್ ಅಲ್ಲೇ ಮರೆತೆ. ಚಳಿ.

ಫೆಬ್ರವರಿ 13, ಗುರುವಾರ

ಅಮ್ಮನಿಗೆ ಫೋನು ನಾನೇ ಮಾಡಿದೆ. ವೈವಾ ಫೇಲ್ ಆಗಿದ್ದು, 20ಕ್ಕೆ ಮತ್ತೆ ಇರುವುದು, ಜನವರಿಯಿಂದ ಸುಳ್ಳು ಹೇಳುತ್ತ ಬಂದಿದ್ದು, ಎಲ್ಲ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ನಿಂಗೆ ಯಾರಾದ್ರೂ ಹುಡುಗ ಸಿಕ್ಕಿದ್ದಾನೆ ಅಂದ್ಕೊಂಡಿದ್ದೆ ಕಣೇ. ಎಲ್ಲದಕ್ಕೂ ಫೈನ್ ಫೈನ್ ಅಂತಿದ್ದೆ."

"ಅಮ್ಮಾ!"

"ಮತ್ತೆ? ಜ್ವರ ನೂರಾಮೂರು ಇದ್ರೂ ಪೇಷೆಂಟ್‌ಗಳು ಫೈನ್ ಅಂತಾರೆ. ಎಲ್ಲಿ ನೋಯುತ್ತೆ ಅಂತ ಹೇಳಿದ್ರೆ ತಾನೇ ನಾವು ನೋಡೋದು? ಹೋಗ್ಲಿ. ಅಪ್ಪಂಗೆ ನಾನು ಹೇಳ್ತೀನಿ. ಬೇಡ, ನೀನೇ ಹೇಳು."

ಹೇಳಿದೆ. ಅಪ್ಪ ಯಾವುದೋ ಪೆಟ್ರೋಲ್ ಬಂಕಿನಲ್ಲಿದ್ದರು. ಲೋಲಕ ಅಂದ್ರೇನು ಅಂತ ಕೇಳಿದರು. ಹಿಂದೆ ಹಾರ್ನುಗಳ ನಡುವೆ ಹತ್ತು ನಿಮಿಷ ವಿವರಿಸಿದೆ. "ಅಷ್ಟೇನಾ? ಕ್ಯಾಬಿನ್ನಿನಲ್ಲಿ ಕನ್ನಡಿಗೆ ಗೊಂಬೆ ನೇತಾಕಿದ್ದೀನಲ್ಲ, ಅದೇ ತಾನೇ?" ಅದೇ!

ಫೆಬ್ರವರಿ 15, ಶನಿವಾರ

ಪೆನ್ಸಿಲ್ ಬಂದಳು, ನನ್ನ ಸ್ವೆಟರ್ ಮಡಚಿಕೊಂಡು. ಇವತ್ತು ಆಡಿದ್ದು ಹೊಸ ಆಟ, ಮೊದಲಿಂದ. ನಾನು ಒಂದು ಕಡೆಯೂ ಸಡಿಲ ಬಿಡಲಿಲ್ಲ. ಅವಳು ಸೋತಳು. ಹನ್ನೊಂದನೆಯದರಲ್ಲಿ ತಿರುಗಿತು ಎಂದು ಬೆರಳಿಟ್ಟು ತೋರಿಸಿ, ಬರೆದುಕೊಂಡು, ನಕ್ಕಳು. ಸೋತು ನಗುವವರನ್ನು ನಾನು ಇವತ್ತೇ ನೋಡಿದ್ದು.

ಬುಲೆಟ್ ಇವತ್ತು ಕೂತುಕೊಂಡು ಆಡಿದ. ಮೇಡಂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು.

ಫೆಬ್ರವರಿ 19, ಬುಧವಾರ

ನಾಳೆ. ಪಟ್ಟಿಯ ಇನ್ನೂರು ಪ್ರಶ್ನೆ ಒಂದು ವಾರದಿಂದ ಡ್ರಾಯರಿನಲ್ಲೇ ಇದೆ. ಬದಲಿಗೆ ಅಲಾರಂ ಏನಾದರೂ ಕೇಳುತ್ತಾಳೆ, ನಾನು ಅಂದಾಜಿನಲ್ಲಿ ಹೇಳುತ್ತ ಹೋಗುತ್ತೇನೆ, ಅವಳು "ಹಾಗಾಗದಿದ್ರೆ?" ಅನ್ನುತ್ತಾಳೆ. ಸಂಜೆ ಅವಳೇ ಕೈಮುಗಿದಳು: "ಲೇ, ನಿನ್ನ ಬಾಯಿಗೆ ಸ್ನೂಜ್ ಬಟನ್ ಎಲ್ಲಿದೆ?"

ಆದರೂ ಭಯ. ಫ್ಯಾನ್ ಅಲ್ಲೇ ಇರುತ್ತಲ್ಲ.

ಫೆಬ್ರವರಿ 20, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅದೇ ಕೋಣೆ, ಅದೇ ಸರ್. ಒಳಗೆ ಕಾಲಿಟ್ಟೊಡನೆ ರೆಕಾರ್ಡ್ ಪುಸ್ತಕ ಜಾರಿತು, ಗ್ರಾಫ್ ಶೀಟುಗಳೆಲ್ಲ ನೆಲದ ಮೇಲೆ. ಆಯ್ದುಕೊಂಡು ಎದ್ದಾಗ ಕಣ್ಣಲ್ಲಿ ನೀರು ಬಂದಿತ್ತೋ ಏನೋ. ಸರ್ ಕನ್ನಡಕ ಇಳಿಸಿದರು.

"ಹೋದ್ಸಲ ಬಂದಿದ್ದೋಳು ನೀನೇ ಅಲ್ವಾ? ಭಯಪಡಬೇಡಮ್ಮ. ರೆಕಾರ್ಡ್ ನೀಟಾಗಿದೆ. ವರ್ಷ ಯಾಕೆ ಹಾಳಾಗಬೇಕು? ಇಪ್ಪತ್ತು ಹಾಕಿದ್ದೀನಿ ನೋಡು, ಪಾಸು. ಹೋಗು, ನೀರು ಕುಡಿ."

ಶೀಟಿನಲ್ಲಿ ನನ್ನ ನಂಬರಿನ ಎದುರು ಇಪ್ಪತ್ತು ಅಂತ ನಿಜವಾಗಿಯೂ ಬರೆದರು. "ಥ್ಯಾಂಕ್ಯೂ ಸರ್" ಅಂದೆ. ಬಾಗಿಲಿನ ತನಕ ಹೋದೆ. ಚಿಲಕದ ಮೇಲೆ ಕೈಯಿಟ್ಟೆ.

ಆ ಗೆರೆ ನೆನಪಾಯಿತು. ಸ್ಕೇಲ್ ಇಟ್ಟು ಎಳೆದದ್ದು.

ವಾಪಸು ಬಂದೆ. "ಸರ್, ಪ್ರಶ್ನೆ ಕೇಳಿ."

"ಯಾಕಮ್ಮ? ಹಾಕಾಯ್ತಲ್ಲ."

"ನನಗೆ ಗೊತ್ತಿದೆಯೋ ಇಲ್ವೋ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಸರ್."

"ಹೇಳಲಿಲ್ಲ ಅಂದ್ರೆ ಇದನ್ನ ಹೊಡೆದು ಹಾಕಬೇಕಾಗುತ್ತೆ. ಆಮೇಲೆ ಅಳಬಾರದು."

"ಹೊಡೆದು ಹಾಕಿ ಸರ್. ಅಳ್ತೀನಿ ಬಹುಶಃ. ಆದ್ರೂ ಕೇಳಿ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಸರಿ. ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟಿದ್ದೀಯ. ಗುಂಡು ಟೊಳ್ಳು, ಒಳಗೆ ತುಂಬ ನೀರು. ತಳದಲ್ಲಿ ಸಣ್ಣ ತೂತು, ನೀರು ಸೋರ್ತಾ ಇದೆ. ಒಂದು ಸಲ ಹೋಗಿ ಬರೋ ಸಮಯ ಏನಾಗುತ್ತೆ?"

ಪಟ್ಟಿಯಲ್ಲಿ ಇರಲಿಲ್ಲ! ಫ್ಯಾನ್ ತಿರುಗುತ್ತಿತ್ತು. "ಕಡಿಮೆ ಆಗುತ್ತೆ" ಎಂದು ಬಾಯಿಂದ ಬಿತ್ತು. "ಯಾಕಂದ್ರೆ ತೂಕ ಕಡಿಮೆ ಆಗುತ್ತೆ... ಒಂದ್ನಿಮಿಷ ಸರ್. ಇದು ತಪ್ಪು. ಲ್ಯಾಬಲ್ಲಿ ಮೂರು ಬೇರೆ ಬೇರೆ ಗುಂಡು ಕಟ್ಟಿ ನೋಡಿದ್ವಿ, ಸಮಯ ಬದಲಾಗಲಿಲ್ಲ. ಹಾಗಾಗಿ ತೂಕದ ಮೇಲೆ ನಿಂತಿಲ್ಲ. ಉದ್ದದ ಮೇಲೆ ನಿಂತಿದೆ. ಆದ್ರೆ ದಾರದ ಉದ್ದ ಬದಲಾಗ್ತಿಲ್ಲ..."

ಇಲ್ಲಿ ನಿಂತೆ. ಅವರು ಕಾಯುತ್ತಿದ್ದರು. ಗಾಳಿಯಲ್ಲಿ ಬೆರಳಿಂದ ಗುಂಡು ಬರೆದೆ.

"ಉದ್ದವನ್ನ ದಾರದ ತುದಿವರೆಗೆ ಅಳೆಯಲ್ಲ ಸರ್, ಗುಂಡಿನ ನಡುವಿನವರೆಗೆ ಅಳೀತೀವಿ. ಯಾಕಂದ್ರೆ ಭಾರದ ನಡು ಅಲ್ಲಿರುತ್ತೆ. ಅರ್ಧ ನೀರು ಹೋದ್ರೆ ಉಳಿದ ನೀರು ತಳದಲ್ಲಿರುತ್ತೆ. ಭಾರದ ನಡು ಕೆಳಗಿಳೀತು. ಅಂದ್ರೆ ಉದ್ದ ಜಾಸ್ತಿಯಾದ ಹಾಗೆ. ಸಮಯ ಜಾಸ್ತಿ ಆಗುತ್ತೆ."

"ಆಗ್ತಾನೇ ಹೋಗುತ್ತಾ?"

"ಹೂಂ ಸರ್... ಇಲ್ಲ. ಹಾಗಾಗದಿದ್ರೆ?" ಇದನ್ನು ನನಗೆ ನಾನೇ ಕೇಳಿಕೊಂಡಿದ್ದು, ಅವರು ಹುಬ್ಬೇರಿಸಿದರು. "ನೀರು ಪೂರ್ತಿ ಖಾಲಿಯಾದ್ರೆ ಬರೀ ಗುಂಡು ಉಳಿಯುತ್ತೆ. ಭಾರದ ನಡು ಮತ್ತೆ ನಡುವಿಗೇ ಬಂತು. ಹಾಗಾದ್ರೆ ಮೊದಲು ಜಾಸ್ತಿಯಾಗಿ, ಆಮೇಲೆ ಕಡಿಮೆಯಾಗುತ್ತಾ ಮೊದಲಿದ್ದಷ್ಟಕ್ಕೇ ಬರುತ್ತೆ. ನಾನು ದಾರಿ ತಪ್ಪಿದ್ದು ಮೊದಲನೇ ಮಾತಲ್ಲೇ ಸರ್, ತೂಕ ಅಂದ್ನಲ್ಲ, ಅಲ್ಲಿ."

ಆಮೇಲೆ ಮೂರು ಪ್ರಶ್ನೆ ಕೇಳಿದರು. ಒಂದು ಬಂತು, ಒಂದು ಅರ್ಧ ಬಂತು. ಮೂರನೆಯದಕ್ಕೆ, "ಗೊತ್ತಿಲ್ಲ ಸರ್. ಎಲ್ಲಿಯವರೆಗೆ ಗೊತ್ತು ಅಂತ ಹೇಳ್ಲಾ?" ಅಂದೆ. ಹೇಳಿಸಿಕೊಂಡರು.

ಶೀಟಿನ ಮೇಲಿನ ಇಪ್ಪತ್ತನ್ನು ಹೊಡೆದು ಹಾಕಿದರು. ಪಕ್ಕದಲ್ಲಿ ಏನು ಬರೆದರೋ, ಅಂಗೈ ಅಡ್ಡ ಇತ್ತು. "ಇಷ್ಟು ಮಾತಾಡ್ತೀಯ. ಹೋದ್ಸಲ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೆ?"

ಗ್ರಾಫ್ ಶೀಟುಗಳನ್ನು ಜೋಡಿಸಿಕೊಂಡು ಹೊರಗೆ ಬಂದೆ. ಎಲ್ಲಿ ಬಚ್ಚಿಟ್ಟಿದ್ದೆನೋ ಈಗಲೂ ತಿಳಿಯುತ್ತಿಲ್ಲ. ನಾನು ಇದ್ದ ಹಾಗೇ ಇದ್ದೇನಲ್ಲ?

ಫೆಬ್ರವರಿ 22, ಶನಿವಾರ

ಇಪ್ಪತ್ತೊಂಬತ್ತು. ಬೆಳಿಗ್ಗೆ ಬೋರ್ಡಿನ ಮುಂದೆ ಜನ ಇದ್ದಾಗಲೇ ನುಗ್ಗಿ ನೋಡಿದೆ. ಅಮ್ಮನಿಗೆ ಹೇಳಿದರೆ, "ಐವತ್ತಕ್ಕಾ? ಇರ್ಲಿ ಬಿಡು" ಎಂದು ಹೇಳಿ, ವಾರ್ಡಿನವರಿಗೆಲ್ಲ ಕೇಳಿಸುವ ಹಾಗೆ "ಪಾಸಂತೆ!" ಎಂದು ಕೂಗಿದಳು.

ಮಧ್ಯಾಹ್ನ ಮೇಜಿಗೆ ಸುದ್ದಿ ಮೊದಲೇ ತಲುಪಿತ್ತು. ನನ್ನ ಮೂವತ್ತು ಗಂಟೆ ಮುಗಿಯಲು ಇನ್ನು ಮೂರೇ ಶನಿವಾರ. ಮುಗಿದ ಮೇಲೂ ಬರುತ್ತೇನೆಂದು ಮೇಡಂಗೆ ಹೇಳಿದೆ. "ಬಾರದೆ ಏನು?" ಅಂದರು, ಕ್ಯಾಟಲಾಗಿನಿಂದ ತಲೆ ಎತ್ತದೆ.

ಪೆನ್ಸಿಲ್ ಮಾತ್ರ ಅನುಮಾನದಲ್ಲಿದ್ದಳು. "ಅಕ್ಕ, ಅದು ನಿಮ್ಮದೇನಾ?"

"ಮೊದಲು ಸರ್ ಬಿಟ್ಟುಕೊಟ್ರು. ವಾಪಸ್ ಕೊಟ್ಟೆ. ಆಮೇಲೆ ಬಂದಿದ್ದು ನಂದು."

ಪೆನ್ಸಿಲು ಕಿವಿಯ ಹಿಂದಿನಿಂದ ಇಳಿಯಿತು. ಹೊಸ ಪುಟ ತೆರೆದಳು. "ಎಲ್ಲಿ ತಿರುಗಿತು?"

"ಬಾಗಿಲ ಹತ್ರ."

ಬರೆದುಕೊಂಡಳು. ಕೆಳಗೆ "ಗೆಲುವು: ಅಕ್ಕ" ಅಂತ ಸೇರಿಸಿ, ಸ್ಕೇಲ್ ತೆಗೆದು ಅದರ ಅಡಿಗೆ ಗೆರೆ ಎಳೆದಳು. ಆಮೇಲೆ ಬೋರ್ಡು ಬಿಚ್ಚಿ ಬಿಳಿ ಬಟನ್‌ಗಳನ್ನು ತನ್ನ ಕಡೆ ಎಳೆದುಕೊಂಡಳು.

ಮೊದಲ ನಡೆ ನನ್ನದು. ನಡುವೆ ಬೇಡ, ನಡುವಿಗಿಂತ ಒಂದು ಮನೆ ಎಡಕ್ಕೆ, ಯಾಕಂದ್ರೆ ಬಲಗಡೆ ನೀನು ಯಾವಾಗಲೂ ಬೇಗ ಬರ್ತೀಯ, ಆಗ ನನಗೆ ಮೇಲೊಂದು ಕೆಳಗೊಂದು ದಾರಿ ಇರುತ್ತೆ, ಅಕಸ್ಮಾತ್ ನೀನು ಬರದಿದ್ರೆ ಇದೇ ಬಟನ್ ಎಡ ಅಂಚಿಗೆ ಹತ್ತಿರ ಆಗುತ್ತೆ, ಹೋದ ವಾರ ಹನ್ನೊಂದನೇ ನಡೆಯಲ್ಲಿ ನೋಡಿದ್ವಲ್ಲ, ಅದನ್ನೇ ಯೋಚನೆ ಮಾಡ್ತಿದ್ದೆ, ಅಂದ್ರೆ...

"ಅಕ್ಕ," ಎಂದ ಲಾಯರ್, ಗಲ್ಲಕ್ಕೆ ಕೈಯಿಟ್ಟು, "ಕಾರಣ ಕೇಳಿದ್ದು. ಕಥೆ ಅಲ್ಲ. ಇಡಿ ಈಗ."

ಇಟ್ಟೆ.